ರೆಕ್ಕೆಯಮ್ಮ ಎಣಿಸಿದ ನಲವತ್ನಾಲ್ಕು

ನನ್ನ ಬಾಯಿ ಸ್ವಲ್ಪ ಜೋರು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಕಡಲತಡಿಯ ಒಂದು ಸಂಶೋಧನಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಗಾಜು ತೊಳೆಯುತ್ತಿದ್ದೇನೆ. ಸೀಸೆ, ತಟ್ಟೆ, ಕೊಳವೆ ಎಲ್ಲವನ್ನೂ ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ, ದೊಡ್ಡ ಆವಿ ಪೆಟ್ಟಿಗೆಯಲ್ಲಿಟ್ಟು ಬೇಯಿಸಿ ಕೊಟ್ಟರೆ ಮಾತ್ರ ಒಳಗಿನವರ ಕೆಲಸ ಶುರು. ಎಷ್ಟು ಓದಿದವರಾದರೂ ಸರಿ, ನನ್ನ ಕಿಟಕಿಯ ಮುಂದೆ ಸೀಸೆಗೆ ಕೈಯೊಡ್ಡಿ ನಿಲ್ಲಲೇಬೇಕು. ಅಷ್ಟು ಜನರಲ್ಲಿ ತಾನು ತಂದ ಸೀಸೆಯನ್ನು ಒಂದು ಸಲ ನೀರಲ್ಲಿ ಅಲುಬಿ ಕೊಡುತ್ತಿದ್ದವಳು ಒಬ್ಬಳೇ. ಅವಳೇ ನಮ್ಮ ರೆಕ್ಕೆಯಮ್ಮ.

ಈ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟಿದ್ದಲ್ಲ. ಡಾಲ್ಫಿನ್ ನೀರಿನಿಂದ ಮೇಲೆದ್ದಾಗ ಮೊದಲು ಕಾಣೋದು ಬೆನ್ನಿನ ಮೇಲಿನ ರೆಕ್ಕೆ. ಒಂದರ ರೆಕ್ಕೆಗೆ ಹಿಂದೆ ಕಚ್ಚು, ಇನ್ನೊಂದರದ್ದು ತುದಿ ಬಾಗಿದ್ದು, ಮತ್ತೊಂದಕ್ಕೆ ಬಲೆ ಕೊಯ್ದ ಗೆರೆ. ಆ ಗುರುತು ಹಿಡಿದು ಯಾವುದು ಯಾವುದು ಅಂತ ಬರೆದಿಡಬೇಕು. ನಮಗೆಲ್ಲ ನೂರು ಡಾಲ್ಫಿನ್ ಅಂದರೆ ಒಂದೇ ಡಾಲ್ಫಿನ್ ನೂರು ಸಲ. ಅವಳಿಗೆ ಹಾಗಲ್ಲ, ಬೀದಿಯಲ್ಲಿ ಎದುರುಮನೆಯವರನ್ನು ಕಂಡಷ್ಟು ಸಲೀಸಾಗಿ ಗುರುತು ಹಿಡಿಯುತ್ತಿದ್ದಳು. ಮೂತಿ ತೋರಿಸದೆ ರೆಕ್ಕೆ ತೋರಿಸಿದರೂ ಸಾಕು, ಇವಳ ತಾಯಿ ಯಾರು, ಹೋದ ವರ್ಷ ಮರಿ ಹಾಕಿದ್ದು ಯಾವ ತಿಂಗಳು ಅಂತ ಪಟಪಟ ಹೇಳುತ್ತಿದ್ದಳು.

ಬಂದದ್ದು ಟೈಪಿಸ್ಟ್ ಆಗಿ. ಪ್ರೊಫೆಸರು ಗೀಚಿ ತಂದ ಪಟ್ಟಿಯನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡೋದು ಕೆಲಸ. ಒಂದು ದಿನ ಪಟ್ಟಿಯಲ್ಲಿ ಎರಡು ಸಾಲು ತಪ್ಪಿದೆ ಅಂತ ಜಗಳ ತೆಗೆದಳು. ಅಷ್ಟು ಗೊತ್ತಿದ್ದರೆ ನೀನೇ ದೋಣಿಗೆ ಬಾ ಅಂದರು ಪ್ರೊಫೆಸರು, ತಮಾಷೆಗೆ. ಇವಳು ಮರುದಿನ ಬುತ್ತಿ ಕಟ್ಟಿಕೊಂಡು ಹಾಜರು. ಆವತ್ತು ಅಲೆ ಎಷ್ಟಿತ್ತೆಂದರೆ ಪ್ರೊಫೆಸರು ದೋಣಿಯ ಅಂಚಿಗೆ ಬಾಗಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ ಕೊಟ್ಟರಂತೆ. ಇವಳು ಮಾತ್ರ ಕಂಬ ಹಿಡಿದು ನಿಂತು ಎಣಿಸಿಕೊಂಡು ಬಂದಳು, ಮೂವತ್ತೊಂದು. ಅಲ್ಲಿಂದ ಮುಂದೆ ವಾರದಲ್ಲಿ ಮೂರು ದಿನ ದೋಣಿ, ಮೂರು ದಿನ ಟೈಪು. ಕೆಲವು ವರ್ಷದ ಮೇಲೆ ಟೈಪು ಹೋಗಿ ಆ ಜಾಗಕ್ಕೆ ಜೀವಕೋಶ ಬಂತು.

ಜೀವಕೋಶ ಬೆಳೆಸೋದು ಅಂದರೆ ಹಸುಗೂಸು ಸಾಕಿದ ಹಾಗೆ. ಚರ್ಮದ ಒಂದು ಚೂರನ್ನು ಸಣ್ಣಗೆ ಹೆಚ್ಚಿ, ತಟ್ಟೆಯಲ್ಲಿಟ್ಟು, ಮೈಬಿಸಿಯ ಪೆಟ್ಟಿಗೆಯೊಳಗೆ ಕೂರಿಸಿ, ಎರಡು ದಿನಕ್ಕೊಮ್ಮೆ ಹಳೆ ನೀರು ತೆಗೆದು ಹೊಸ ಆಹಾರದ ನೀರು ಹಾಕಬೇಕು. ಒಂದು ದಿನ ಮರೆತರೆ ಮುಗಿಯಿತು. ತೊಳೆಯದ ಕೈ ಒಳಗೆ ಹೋದರೆ ಬೂಷ್ಟು. ಇದನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ ಯಾರೂ ಸಿಗದೆ ಇವಳ ತಲೆಗೆ ಕಟ್ಟಿದರು. ಇವಳಿಗೋ ಮದುವೆ ಮಕ್ಕಳು ಅಂತ ತಾಪತ್ರಯವಿಲ್ಲ, ಭಾನುವಾರವೂ ಬಂದು ತಟ್ಟೆ ನೋಡುತ್ತಿದ್ದಳು. ನಿನಗೆ ಬೇರೆ ಬದುಕು ಇಲ್ಲವೇನೇ ಅಂತ ನಾನು ಬೈಯುತ್ತಿದ್ದೆ. ಇದೆಯಲ್ಲ ಅಕ್ಕ, ಕಡಲಲ್ಲೂ ಇದೆ, ತಟ್ಟೆಯಲ್ಲೂ ಇದೆ ಅಂತ ನಗುತ್ತಿದ್ದಳು.

ಈಗ ನನ್ನ ಮನೆ ಮಾತಿಗೆ ಬರುತ್ತೇನೆ. ನನ್ನ ಮಗಳಿಗೆ ಒಂದೇ ಕೂಸು, ಹೆಣ್ಣು. ಚುರುಕು ಅಂದರೆ ಚುರುಕು, ಅದಕ್ಕೇ ಮೆಣಸಿನಕಾಯಿ ಅಂತ ಕರೆಯುತ್ತೇವೆ. ಆರನೇ ವಯಸ್ಸಿಗೆ ಅವಳು ಮೆಟ್ಟಿಲ ಮೇಲೆ ಕೂತು ಕೂತು ಹತ್ತೋದಕ್ಕೆ ಶುರುಮಾಡಿದಳು. ಸೋಮಾರಿತನ ಅಂತ ನಾನೇ ಗದರಿಸಿದ್ದೆ, ಆ ಪಾಪ ನನಗಿರಲಿ. ಐದು ವರ್ಷ ಆಸ್ಪತ್ರೆ ಆಸ್ಪತ್ರೆ ತಿರುಗಿದ ಮೇಲೆ ತಿಳಿಯಿತು, ಕಾಯಿಲೆ ಇರೋದು ಜೀವಕೋಶದ ಒಳಗೇ. ಪ್ರತಿ ಕೋಶದಲ್ಲೂ ಶಕ್ತಿ ಕಾಯಿಸುವ ಪುಟ್ಟ ಪುಟ್ಟ ಒಲೆಗಳಿರುತ್ತವಂತೆ. ಇವಳ ಒಲೆಗಳು ಹುಟ್ಟಿನಿಂದಲೇ ಮಂಕು. ಉಸಿರು ಎಳೆದರೂ ಆ ಗಾಳಿಯನ್ನು ಪೂರಾ ಉರಿಸೋಕೆ ಆಗೋದಿಲ್ಲ. ಔಷಧ ಇಲ್ಲ, ವಿಶ್ರಾಂತಿ ಕೊಡಿ ಅಂದರು. ಹನ್ನೊಂದು ವರ್ಷದ ಹುಡುಗಿಗೆ ವಿಶ್ರಾಂತಿ ಕೊಡೋದು ಅಂದರೆ ಏನು ಅಂತ ಆ ಡಾಕ್ಟರಿಗೆ ಗೊತ್ತಿದ್ದಂತಿರಲಿಲ್ಲ.

ಇದನ್ನು ನಾನು ತೊಳೆಯುವ ಕೋಣೆಯಲ್ಲಿ ಅತ್ತುಕೊಂಡು ಹೇಳಿದ್ದು ರೆಕ್ಕೆಯಮ್ಮನ ಹತ್ತಿರ. ಅವಳು ಸಮಾಧಾನ ಹೇಳಲಿಲ್ಲ. ಡಾಲ್ಫಿನ್ ಮುಳುಗಿದಾಗ ನಿಮಿಷಗಟ್ಟಲೆ ಉಸಿರಿಲ್ಲದೆ ಇರುತ್ತದಲ್ಲ ಅಕ್ಕ, ಅದರ ಕೋಶ ಹೇಗೆ ತಡೆದುಕೊಳ್ಳುತ್ತದೆ ಅಂತ ಕೇಳಿದಳು. ನನಗೆ ಮೈ ಉರಿದುಹೋಯಿತು. ನನ್ನ ಮೊಮ್ಮಗಳ ಪ್ರಾಣಸಂಕಟ ನಿನಗೆ ಮೀನಿನ ಕಥೆಯಾಯಿತಾ ಅಂತ ರೇಗಿದೆ. ಮೀನಲ್ಲ ಅದು, ನಮ್ಮ ಹಾಗೇ ಮರಿಗೆ ಹಾಲು ಕೊಡೋದು ಅಂತ ತಿದ್ದಿ, ಸೀದಾ ಪ್ರೊಫೆಸರ ಕೋಣೆಗೆ ಹೋದಳು.

ಅದೇ ವರ್ಷ ಮುಕ್ಕಿ ಮರಳುದಿಣ್ಣೆಗೆ ಸಿಕ್ಕಿಕೊಂಡು ಸತ್ತಿದ್ದು. ರೆಕ್ಕೆಯ ಅಂಚು ಮುಕ್ಕಾದ ಬಟ್ಟಲಿನ ಹಾಗಿತ್ತು, ಅದಕ್ಕೇ ಮುಕ್ಕಿ. ಹತ್ತೊಂಬತ್ತು ವರ್ಷ ರೆಕ್ಕೆಯಮ್ಮ ಎಣಿಸಿದ ಹೆಣ್ಣು ಡಾಲ್ಫಿನ್ ಅದು. ದೋಣಿಯವರು ಸುದ್ದಿ ಕೊಟ್ಟ ಕೂಡಲೇ ಓಡಿದಳು. ಮೊಣಕಾಲುದ್ದ ನೀರಲ್ಲಿ ನಿಂತು, ಅಳುತ್ತಲೇ, ಉಗುರಿನಷ್ಟು ಚರ್ಮ ಕತ್ತರಿಸಿ ಸೀಸೆಯಲ್ಲಿ ಹಾಕಿಕೊಂಡು ಬಂದಳು. ಆ ಚೂರಿನಿಂದ ಮುಕ್ಕಿಯ ಕೋಶಗಳು ತಟ್ಟೆಯಲ್ಲಿ ಬೆಳೆದವು. ಪಕ್ಕದ ಪೆಟ್ಟಿಗೆಯಲ್ಲಿ ನಮ್ಮ ಮೆಣಸಿನಕಾಯಿಯ ಕೋಶಗಳು. ಆಸ್ಪತ್ರೆಯಲ್ಲಿ ಅವಳ ತೋಳಿನಿಂದ ಅಷ್ಟೇ ದೊಡ್ಡ ಚೂರು ತೆಗೆದಿದ್ದರು. ಎರಡು ಹೊಲಿಗೆ, ಒಂದು ವಾರ ಜ್ವರ.

ಪ್ರಯೋಗ ಇಷ್ಟೇ. ಮುಕ್ಕಿಯ ಕೋಶಗಳು ಬೆಳೆದ ನೀರಿನಲ್ಲಿ ಅವು ಬಿಟ್ಟ ಏನೋ ಸತ್ವ ಇರಬಹುದು. ಆ ನೀರನ್ನು ಸೋಸಿ, ಒಂದೇ ಒಂದು ಡಾಲ್ಫಿನ್ ಕೋಶವೂ ಇಲ್ಲದ ಹಾಗೆ ಮಾಡಿ, ಮೆಣಸಿನಕಾಯಿಯ ಕೋಶಗಳಿಗೆ ಎರಡು ವಾರ ಉಣ್ಣಿಸೋದು. ಆಮೇಲೆ ಗಾಳಿ ಕಡಿಮೆ ಮಾಡಿದ ಪೆಟ್ಟಿಗೆಯಲ್ಲಿಟ್ಟು ಎಷ್ಟು ಹೊತ್ತು ಬದುಕುತ್ತವೆ ಅಂತ ನೋಡೋದು. ಬರೀ ಮಾಮೂಲಿ ಆಹಾರ ತಿಂದ ಅವಳ ಕೋಶಗಳು ಒಂಬತ್ತು ಗಂಟೆಗೆ ಸಾಯುತ್ತಿದ್ದವು. ಮುಕ್ಕಿಯ ನೀರು ಕುಡಿದ ತಟ್ಟೆ ನಲವತ್ತು ಗಂಟೆ ಬದುಕಿತು.

ನಲವತ್ತು! ಪ್ರೊಫೆಸರು ಎರಡನೇ ಸಲ ಮಾಡಿಸಿದರು, ಮೂರನೇ ಸಲ ಮಾಡಿಸಿದರು, ಶೀತಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಅವಳ ಕೋಶಗಳೆಲ್ಲ ಅದಕ್ಕೇ ಖರ್ಚಾದವು. ಮೂರು ಸಲವೂ ಹಾಗೇ. ಕೇಕ್ ತರಿಸಿ ಕತ್ತರಿಸಿದರು, ಮೊದಲ ತುಂಡು ನನ್ನ ಬಾಯಿಗೆ. ನಾನು ಮನೆಗೆ ಹೋಗಿ ಹೇಳಿದೆ. ಮಗಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತಳು. ಮೊಮ್ಮಗಳು ಮಾತ್ರ ಅಳಲಿಲ್ಲ. ಗೋಡೆಯ ಕ್ಯಾಲೆಂಡರ್ ತೆಗೆದು ಏನೇನೋ ಗುರುತು ಹಾಕಿಕೊಂಡಳು, ಬೆಟ್ಟ ಹತ್ತೋದು ಯಾವಾಗ, ಸೈಕಲ್ ಕಲಿಯೋದು ಯಾವಾಗ ಅಂತ.

ಕೇಕ್ ತಿನ್ನದೆ ಉಳಿದವಳು ರೆಕ್ಕೆಯಮ್ಮ. ಮೂರು ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿ ಕೂತಳು. ಏನಾಯಿತೇ, ದೃಷ್ಟಿ ತೆಗೀಬೇಕಾ ಅಂತ ಕೇಳಿದೆ. ಈ ಮುಖ ನನಗೆ ಗೊತ್ತಿರೋದು ಅಕ್ಕ ಅಂದಳು. ತಟ್ಟೆಯಲ್ಲಿ ಮುಖ ಎಲ್ಲಿಂದ ಬಂತು? ಚರ್ಮದ ಕೋಶ ಅಂದರೆ ಉದ್ದುದ್ದ ಎಳೆ, ನನ್ನ ಕಣ್ಣಿಗೆ ಹುಡುಗಿಯದ್ದೂ ಒಂದೇ, ಡಾಲ್ಫಿನ್‌ದೂ ಒಂದೇ. ಪ್ರೊಫೆಸರ ಕಣ್ಣಿಗೂ ಒಂದೇ. ಅವಳಿಗೆ ಮಾತ್ರ ಆ ಕೋಶಗಳು ಒಂದರ ಪಕ್ಕ ಒಂದು ಮಲಗಿದ ರೀತಿ ಅನುಮಾನ ಹುಟ್ಟಿಸಿತ್ತು. ಅನುಮಾನ ಬಂದಮೇಲೆ ಸುಮ್ಮನಿರೋ ಜಾತಿಯೇ ಅಲ್ಲ ಅದು. ಕೋಶಗಳನ್ನು ಗಾಜಿನ ಮೇಲೆ ಒಡೆದು, ಬಣ್ಣ ಹಾಕಿ, ವರ್ಣತಂತು ಎಣಿಸೋಕೆ ಕೂತಳು. ಮನುಷ್ಯರ ಕೋಶವಾದರೆ ನಲವತ್ತಾರು ಇರಬೇಕು. ಡಾಲ್ಫಿನ್‌ದಾದರೆ ನಲವತ್ನಾಲ್ಕು.

ನೂರು ಕೋಶ ಎಣಿಸಿದಳು. ನೂರರಲ್ಲೂ ನಲವತ್ನಾಲ್ಕು.

ಅಂದರೆ ನಮ್ಮ ಹುಡುಗಿಯ ಕೋಶಗಳು ಯಾವತ್ತೋ ಸತ್ತುಹೋಗಿದ್ದವು. ಸೋಸಿದ ನೀರಿನ ಜೊತೆ ಮುಕ್ಕಿಯ ನಾಲ್ಕಾರು ಕೋಶ ತಟ್ಟೆಗೆ ನುಸುಳಿ, ಎರಡು ವಾರದಲ್ಲಿ ಸಂಸಾರ ಹೂಡಿ, ಜಾಗವನ್ನೆಲ್ಲ ಹಿಡಿದುಕೊಂಡಿದ್ದವು. ನಲವತ್ತು ಗಂಟೆ ಬದುಕಿದ್ದು ಡಾಲ್ಫಿನ್. ಅದರಲ್ಲಿ ಏನು ಅತಿಶಯ?

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರೊಫೆಸರು ಲೇಖನ ಬರೆದು ಮುಗಿಸಿದ್ದರು, ಕಳಿಸೋದಷ್ಟೇ ಬಾಕಿ. ಅವಳು ಎಲ್ಲರೂ ಸೇರಿದ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಸೋಸುವ ಮುಂಚೆ ಸೋಸುಬಟ್ಟಲನ್ನು ಒದ್ದೆ ಮಾಡಿ ಗಾಳಿ ಒತ್ತಿ ನೋಡಬೇಕು, ಗುಳ್ಳೆ ಬಂದರೆ ಒಳಗಿನ ಜರಡಿ ಸರಿಯಿಲ್ಲ ಅಂತ ಅರ್ಥ. ಮೂರು ಸಲದ ನೀರನ್ನೂ ಒಂದೇ ದಿನ ಸೋಸಿದ್ದು, ಆ ದಿನ ದೋಣಿಯಿಂದ ತಡವಾಗಿ ಬಂದೆ, ಗುಳ್ಳೆ ನೋಡಲಿಲ್ಲ, ತಪ್ಪು ನನ್ನದು ಅಂದಳು. ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರೆದ ಲೇಖನವನ್ನು ಖಾನೆಗೆ ಹಾಕಿದರು. ಕಡೆಗೆ, ನೀರು ಕೆಲಸ ಮಾಡುತ್ತೋ ಇಲ್ಲವೋ ಅಂತ ನಾವಿನ್ನೂ ನೋಡಿಯೇ ಇಲ್ಲ, ಮೊದಲಿಂದ ಮಾಡೋಣ ಅಂದರು. ಮೊದಲಿಂದ ಮಾಡೋಕೆ ಹುಡುಗಿಯ ಕೋಶ ಒಂದೂ ಉಳಿದಿರಲಿಲ್ಲ. ಮತ್ತೆ ತೋಳು ಕೊಯ್ಯಬೇಕು.

ಆ ಮಾತನ್ನು ಫೋನಿನಲ್ಲಿ ಹೇಳಬಹುದಿತ್ತು. ರೆಕ್ಕೆಯಮ್ಮ ಸಂಜೆ ನಮ್ಮ ಮನೆಗೇ ಬಂದಳು. ಚಪ್ಪಲಿ ಬಿಟ್ಟು, ಕುರ್ಚಿ ಕೊಟ್ಟರೂ ಕೂರದೆ, ಎಲ್ಲವನ್ನೂ ಹುಡುಗಿಯ ಎದುರೇ ಹೇಳಿದಳು. ನಾನು ಅವಳಿಗೆ ಅಂದ ಮಾತು ಈಗ ಬರೆಯೋಕೆ ನಾಚಿಕೆಯಾಗುತ್ತದೆ. ನಿನಗೊಂದು ಮಗು ಇದ್ದಿದ್ದರೆ ಗುಳ್ಳೆ ನೋಡೋದು ಮರೀತಿರಲಿಲ್ಲ ಅಂದುಬಿಟ್ಟೆ. ತಪ್ಪು ನನ್ನದೇ ಅಕ್ಕ ಅಂದಳು ಅವಳು, ಅಷ್ಟೇ. ಮಗಳು ನನಗಿಂತ ಮೆತ್ತಗೆ ಮಾತಾಡಿದಳು, ನನಗಿಂತ ಗಟ್ಟಿಯಾಗಿ ಬಾಗಿಲು ಹಾಕಿದಳು. ಇನ್ನು ನನ್ನ ಮಗಳ ಮೈಗೆ ಒಬ್ಬರೂ ಕತ್ತರಿ ತಾಗಿಸಬಾರದು ಅಂದಳು. ಮೆಣಸಿನಕಾಯಿ ಕ್ಯಾಲೆಂಡರನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಹಾಕಿದಳು.

ಒಂದು ವಾರ ನಾನು ಅವಳ ಹತ್ತಿರ ಮಾತು ಬಿಟ್ಟೆ. ಸೀಸೆ ಕೇಳಿದರೆ ಕಿಟಕಿಯಲ್ಲಿ ಠಪ್ಪಂತ ಇಡುತ್ತಿದ್ದೆ. ಸೋಮವಾರ ಸೋಸುಬಟ್ಟಲುಗಳನ್ನು ಕಟ್ಟುವ ಸರದಿ ಬಂತು. ಬಟ್ಟಲು ಬಿಚ್ಚಿ, ಒಳಗೆ ಒಂದು ದುಂಡನೆಯ ಜರಡಿ ಬಿಲ್ಲೆ ಕೂರಿಸಿ, ತಿರುಪಿ ಮುಚ್ಚಿ, ಆವಿಗೆ ಇಡೋದು ನನ್ನ ಕೆಲಸ. ಡಬ್ಬಿಯಲ್ಲಿ ಬಿಲ್ಲೆಗಳು ಒಂದಕ್ಕೊಂದು ಅಂಟದಿರಲಿ ಅಂತ ನಡುನಡುವೆ ಕಾಗದದ ಬಿಲ್ಲೆ ಇಟ್ಟಿರುತ್ತಾರೆ. ಮೇಲೆ ನೀಲಿ ಕಾಗದ, ಕೆಳಗೆ ಬಿಳಿ ಜರಡಿ, ಕಾಗದ ಬುಟ್ಟಿಗೆ. ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ.

ನಾನು ಡಬ್ಬಿ ತೆರೆಯುವಾಗ ರೆಕ್ಕೆಯಮ್ಮ ಒಳಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ನಾನು ಮುಖ ತಿರುಗಿಸಿದೆ. ಅವಳು ಎರಡು ಬಿಲ್ಲೆ ತೆಗೆದು ನನ್ನ ಮುಂದೆ ಪಕ್ಕಪಕ್ಕ ಇಟ್ಟಳು. ಎರಡೂ ಬಿಳಿ. ಇದು ಬೇರೆ ಕಂಪನಿ ಡಬ್ಬಿ ಅಕ್ಕ, ಕಾಗದವೂ ಬಿಳಿ ಮಾಡಿ ಜರಡಿಯ ಕೆಳಗಿಟ್ಟಿದ್ದಾರೆ, ಹೊಳಪು ಇರೋದು ಜರಡಿ, ಮಂಕಾಗಿರೋದು ಕಾಗದ ಅಂತ ಮೆಲ್ಲಗೆ ಹೇಳಿದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಆಮೇಲೆ ಕಸದ ಬುಟ್ಟಿ ನೋಡಿದೆ. ಹೋದ ಸಲ ಬುಟ್ಟಿಯ ಬದಿಗೆ ಅಂಟಿಕೊಂಡಿದ್ದೊಂದು ಬಿಲ್ಲೆ ಇನ್ನೂ ಅಲ್ಲೇ ಇತ್ತು. ಕಿತ್ತು ಬೆಳಕಿಗೆ ಹಿಡಿದೆ. ಫಳಫಳ ಹೊಳೆಯಿತು.

ನಾನು ಜರಡಿಯನ್ನೆಲ್ಲ ಬುಟ್ಟಿಗೆ ಹಾಕಿ, ಕಾಗದವನ್ನು ಬಟ್ಟಲಿಗೆ ಕೂರಿಸಿದ್ದೆ. ನನ್ನ ಕೈಯಾರೆ. ನನ್ನ ಮೊಮ್ಮಗಳ ಕೆಲಸಕ್ಕೆ.

"ನಿನಗೆ ಗೊತ್ತಿತ್ತು," ಅಂದೆ.

"ಎಣಿಸಿದ ದಿನವೇ ಬಟ್ಟಲು ಬಿಚ್ಚಿ ನೋಡಿದೆ ಅಕ್ಕ."

"ಸಭೆಯಲ್ಲಿ ಯಾಕೆ ಹೇಳಲಿಲ್ಲ? ನಾನು ನಿನಗೆ ಅಷ್ಟು ಕೆಟ್ಟ ಮಾತು ಅಂದೆನಲ್ಲ, ಆಗಲಾದರೂ ಹೇಳಬಾರದಿತ್ತಾ?"

"ಗುಳ್ಳೆ ನೋಡಿದ್ರೆ ನಿಮ್ಮ ಕಾಗದ ಅಲ್ಲೇ ಸಿಕ್ಕಿಬೀಳ್ತಿತ್ತು. ನೋಡಬೇಕಾಗಿದ್ದವಳು ನಾನು. ಅದರ ಮೇಲೆ ನಿಮ್ಮ ಹೆಸರು ಯಾಕೆ?"

ನನಗೆ ಅಳುವೂ ಬಂತು, ಕೋಪವೂ ಬಂತು. ದೊಡ್ಡ ಸತ್ಯವಂತೆ ನೀನು, ಅರ್ಧ ಹೇಳಿ ಅರ್ಧ ಜೇಬಿನಲ್ಲಿ ಇಟ್ಟುಕೊಂಡೆಯಲ್ಲ ಅಂತ ಚೆನ್ನಾಗಿ ಬೈದೆ. ಕ್ಷಮೆ ಕೇಳೋಕೆ ನನಗೆ ಬರೋದು ಅದೊಂದೇ ದಾರಿ. ಅವಳಿಗೂ ಅದು ಗೊತ್ತು. ಬೈದು ಮುಗಿಯೋವರೆಗೂ ಕೂತಿದ್ದು, ಎದ್ದು ಹೋಗುವಾಗ ನನ್ನ ಒದ್ದೆ ಕೈಯನ್ನು ಒಂದು ಸಲ ಹಿಡಿದು ಬಿಟ್ಟಳು. ನಾನು ಆವತ್ತೇ ಪ್ರೊಫೆಸರ ಬಾಗಿಲು ತಟ್ಟಿ ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, ಆ ಡಬ್ಬಿಗಳನ್ನೆಲ್ಲ ವಾಪಸ್ ಕಳಿಸಿ ಹಳೆ ಕಂಪನಿಯದ್ದನ್ನೇ ತರಿಸಿದರು.

ಕಷ್ಟದ ಕೆಲಸ ಉಳಿದದ್ದು ಮನೆಯಲ್ಲಿ. ಊಟಕ್ಕೆ ಕೂತಾಗ ಮಗಳಿಗೂ ಮೊಮ್ಮಗಳಿಗೂ ಹೇಳಿದೆ. ತಪ್ಪು ರೆಕ್ಕೆ ಆಂಟಿದು ಅಂತ ನಾವು ಬಾಗಿಲು ಹಾಕಿದೆವಲ್ಲ, ಬಿಲ್ಲೆ ಬದಲಿಸಿದವಳು ನಾನು ಅಂದೆ. ಮಗಳು ನನ್ನ ಮೇಲೆ ರೇಗಲಿ, ಕೂಗಾಡಲಿ ಅಂತ ಕಾಯುತ್ತಿದ್ದೆ. ಅವಳು ಲೋಟ ಕೆಳಗಿಟ್ಟು ನನ್ನ ತಟ್ಟೆಗೆ ಸಾರು ಬಡಿಸಿದಳು, ಅದಕ್ಕಿಂತ ಬೈಸಿಕೊಳ್ಳೋದೇ ವಾಸಿಯಿತ್ತು.

ಮೆಣಸಿನಕಾಯಿ ಯೋಚನೆ ಮಾಡಿ ಒಂದು ಪ್ರಶ್ನೆ ಕೇಳಿದಳು. ರೆಕ್ಕೆ ಆಂಟಿ ಎಣಿಸದೇ ಇದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ನೀನು ನಲವತ್ತು ಗಂಟೆ ಅಂತ ನಂಬಿಕೊಂಡೇ ಇರುತ್ತಿದ್ದೆ ಅಂದೆ. ಎಷ್ಟು ವರ್ಷ ಅಂತ ಕೇಳಿದಳು. ಅವಳು ಅನ್ನ ಕಲಸುತ್ತಾ, ಎಡತೋಳಿನದ್ದು ಬೇಡ, ಗಾಯದ ಗುರುತಿದೆ, ಈ ಸಲ ಬಲತೋಳು ಕೊಡುತ್ತೇನೆ ಅಂದಳು. ಬೇಡ ಅನ್ನೋಕೆ ಬಾಯಿ ತೆರೆದ ಮಗಳು ಅವಳ ಮುಖ ನೋಡಿ, ತೋಳಿನ ಹಳೆ ಗಾಯ ಸವರಿದಳು. ವಾರದೊಳಗೆ ಅವಳೇ ಕರೆದುಕೊಂಡು ಹೋಗಿ ಕೊಡಿಸಿದಳು. ಈ ಸಲವೂ ಎರಡು ಹೊಲಿಗೆ, ಜ್ವರ ಮಾತ್ರ ಎರಡೇ ದಿನ.

ಕೋಶ ಬೆಳೆಯೋಕೆ ಎರಡು ತಿಂಗಳು ಹಿಡಿಯಿತು. ನಾನು ಕನ್ನಡಕ ಹಾಕಿಕೊಂಡು ಬಿಲ್ಲೆ ಕೂರಿಸಿದೆ, ರೆಕ್ಕೆಯಮ್ಮ ಪ್ರತಿ ಬಟ್ಟಲಿಗೂ ಎರಡೆರಡು ಸಲ ಗುಳ್ಳೆ ನೋಡಿದಳು. ತಟ್ಟೆಗಳು ಪೆಟ್ಟಿಗೆಯಿಂದ ಹೊರಬಂದ ಮೇಲೆ ಫಲಿತಾಂಶಕ್ಕಿಂತ ಮುಂಚೆ ವರ್ಣತಂತು ಎಣಿಸಿದಳು. ನೂರು ಕೋಶ, ನೂರರಲ್ಲೂ ನಲವತ್ತಾರು. ಮೂರು ಸಲ ಮಾಡಿ ಮುಗಿಸೋವರೆಗೆ ನನಗೂ ಒಂದು ಮಾತು ಬಿಟ್ಟುಕೊಡಲಿಲ್ಲ, ನಾನು ಎಷ್ಟು ಪೀಡಿಸಿದರೂ ಸರಿ.

ಹೇಳೋಕೆ ಮನೆಗೇ ಬಂದಳು. ಮಗಳು ಬಾಗಿಲು ತೆರೆದು, ಈ ಸಲ ಕೂತುಕೊಂಡೇ ಹೇಳಿ ಅಂತ ಕುರ್ಚಿ ಎಳೆದುಕೊಟ್ಟಳು. ಅವಳು ಮೆಣಸಿನಕಾಯಿಯ ಎದುರು ಕೂತು, ಹದಿನಾಲ್ಕು ಅಂದಳು. ಮಾಮೂಲಿ ಆಹಾರದಲ್ಲಿ ಒಂಬತ್ತು ಗಂಟೆ, ಮುಕ್ಕಿಯ ನೀರಿನಲ್ಲಿ ಹದಿನಾಲ್ಕು. ಮೂರು ಸಲವೂ ಅಷ್ಟೇ. ಐದು ಗಂಟೆ ಹೆಚ್ಚು.

ನಲವತ್ತು ಕೇಳಿದ ಕಿವಿಗೆ ಐದು ಯಾವ ಲೆಕ್ಕ? ನನ್ನ ಮುಖ ಇಳಿದದ್ದು ನನಗೇ ಗೊತ್ತಾಯಿತು. ರೆಕ್ಕೆಯಮ್ಮ ಸಿಹಿ ಸವರಲಿಲ್ಲ. ಇದು ತಟ್ಟೆಯೊಳಗಿನ ಐದು ಗಂಟೆ, ನಿನ್ನ ಮೈಯೊಳಗಿನದ್ದಲ್ಲ, ಆ ನೀರಿನಲ್ಲಿ ಇರುವ ಸತ್ವ ಯಾವುದು ಅಂತ ಹುಡುಕೋಕೇ ಇನ್ನೂ ವರ್ಷಗಳು ಬೇಕು, ಅದು ಔಷಧ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಅಂದಳು. ಅಷ್ಟು ಹೇಳಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು. ನೂರಾರು ಡಾಲ್ಫಿನ್ ಎಣಿಸಿದ ಹೆಂಗಸು ಒಂದು ಹುಡುಗಿಯ ಮಾತಿಗೆ ಹೆದರಿ ಕೂತದ್ದನ್ನು ನಾನು ನೋಡಿದೆ.

ಮೆಣಸಿನಕಾಯಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಸುಳ್ಳು ಹೇಳೋ ಹಾಗಿದ್ರೆ ನೀವು ಮತ್ತೆ ನಲವತ್ತು ಅಂತಿದ್ರಿ ಆಂಟಿ," ಅಂದಳು. "ಐದು ಅಂದ್ರಲ್ಲ. ಅದಕ್ಕೇ ನಂಬ್ತೀನಿ."